ಕರೆಂಟ್ ಹೋದ ಮೇಲೆ ನುಡಿಸಿದ ರಿಫ್‌ಗಳು

ಪೀವಿ 5150 ಅನ್ನುವ ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಜೊತೆ ಕೂತು ಮಾಡಿದ ಆಂಪ್ ಅದು. ಆಮೇಲೆ ಅದನ್ನು ಎದೆಗೆ ಅವುಚಿಕೊಂಡವರು ಮಾತ್ರ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದವರು. 120 ವ್ಯಾಟ್, ಪೂರ್ತಿ ವಾಲ್ವ್, ಅಂದರೆ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ಟ್ಯೂಬ್‌ಗಳು. ಬೆಂಗಳೂರಿನಲ್ಲಿ ಅಂಥದ್ದೊಂದು ಎರಡು ದಿನಕ್ಕೆ ಸಿಗುತ್ತದೆ ಅಂದಾಗ ಗೆಳೆಯರ ಬ್ಯಾಂಡ್ ಬಿಡುತ್ತದಾ? ಅಮೆರಿಕದ ಪೀಸ್, 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ಹಾಗೇ ಹಾಕಿದರೆ ಸುಟ್ಟು ಹೋಗುತ್ತದೆ. ಅದಕ್ಕೆ ಎಸ್.ಪಿ. ರೋಡಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಬ್ಯಾಂಡ್ ಅಭ್ಯಾಸ ಮಾಡುವ ಜಾಮ್ ರೂಮಿಗೆ ಬಂತು. ಅದನ್ನು ಮಹಡಿ ಹತ್ತಿಸಲು ಇಬ್ಬರು ಬೇಕಾದರು.

ರೆಕಾರ್ಡಿಂಗ್ ಕೆಲಸ ನನ್ನದು. ಆಂಪ್ ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್, ಅಂದರೆ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಮೆಟಲ್‌ನಲ್ಲಿ ಈ ಪೆಡಲ್ ಇರುವುದು ಸದ್ದು ಒಡೆದು ಡಿಸ್ಟಾರ್ಷನ್ ಮಾಡಲಿಕ್ಕಲ್ಲ. ಗಿಟಾರಿನಿಂದ ಬರುವ ತಗ್ಗು ಸ್ವರಗಳ ಗದ್ದಲವನ್ನು ಕತ್ತರಿಸಿ ಆಂಪಿಗೆ ಕೊಡಲಿಕ್ಕೆ. ಆಂಪಿನ ಸ್ಪೀಕರ್ ಪೆಟ್ಟಿಗೆಯಾದ ಕ್ಯಾಬಿನೆಟ್ ಎದುರು ಶ್ಯೂರ್ ಎಸ್‌ಎಂ57. 1965ರಿಂದ ಇರುವ ಮೈಕ್, ಇವತ್ತಿಗೂ ಗಿಟಾರ್ ಕ್ಯಾಬಿನೆಟ್ಟಿಗೆ ಜನ ಮೊದಲು ಕೈ ಹಾಕುವುದು ಅದಕ್ಕೇ. ಸ್ಪೀಕರಿನ ನಡುವೆ ಇಟ್ಟರೆ ಕಿವಿ ಚುಚ್ಚುವ ಸದ್ದು, ಅಂಚಿಗೆ ಬಂದರೆ ಮಬ್ಬು. ನಾನು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಒಂದೊಂದು ಬೆರಳಗಲ ಸರಿಸುತ್ತಾ ಹೋದೆ. ಗಿಟಾರಿಸ್ಟ್ ಅದೇ ಒಂದು ರಿಫ್ಫನ್ನು, ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕನ್ನು, ಬೇಸರವಿಲ್ಲದೆ ನುಡಿಸುತ್ತಾ ನಿಂತಿದ್ದ. ಒಂದು ಜಾಗದಲ್ಲಿ ಪಿಕ್ ತಂತಿಗೆ ಬಡಿಯುವ ಚರಕ್ ಸದ್ದೂ ಹಿಂದಿನ ಧಿಮ್ ಸದ್ದೂ ಒಟ್ಟಿಗೆ ಬಂದವು. ಅಲ್ಲೇ ನೆಲಕ್ಕೆ ಟೇಪ್ ಅಂಟಿಸಿದೆ.

ಜೊತೆಗೆ ಡಿಐ ಕೂಡ ತೆಗೆದೆವು. ಅಂದರೆ ಗಿಟಾರಿನಿಂದ ಬರುವ ಸಿಗ್ನಲ್ಲನ್ನು ಆಂಪಿಗೆ ಹೋಗುವ ಮೊದಲೇ ಕವಲು ಮಾಡಿ ಲ್ಯಾಪ್‌ಟಾಪಿಗೆ ಕಳಿಸುವುದು. ಅದನ್ನು ಹಾಗೇ ಕೇಳಿದರೆ ಟಿಣ್ ಟಿಣ್ ಅನ್ನುತ್ತದೆ, ಮೆಟಲ್ ಅಂತ ಯಾರೂ ಹೇಳುವುದಿಲ್ಲ. ಆದರೆ ಅದು ಕೈಯಲ್ಲಿದ್ದರೆ ಆಮೇಲೆ ಯಾವ ಆಂಪಿಗೆ ಬೇಕಾದರೂ ಕಳಿಸಿ ಮತ್ತೆ ರೆಕಾರ್ಡ್ ಮಾಡಬಹುದು. ಇದಕ್ಕೆ ರೀಆಂಪ್ ಅಂತಾರೆ. ಆವತ್ತು ಇದನ್ನು ತೆಗೆದಿಟ್ಟದ್ದು ತುಂಬಾ ಉಪಯೋಗಕ್ಕೆ ಬಂತು.

ಬೆಳಿಗ್ಗೆ ಎರಡು ಹಾಡಿನ ರಿದಂ ಗಿಟಾರ್ ಮುಗಿಯಿತು. ಊಟ ಆದ ಮೇಲೆ ಕರೆಂಟ್ ಹೋಯಿತು. ರೂಮಿನ ಯುಪಿಎಸ್ ಲೈಟನ್ನೂ ಲ್ಯಾಪ್‌ಟಾಪನ್ನೂ ಎಳೆಯುತ್ತದೆ, 5150 ಅದರ ಕೈಯಲ್ಲಿ ಆಗುವುದಿಲ್ಲ. "ಸುಮ್ನೆ ಯಾಕೆ ಕೂರೋದು ಮಗಾ, ಡಿಐ ತಗೊ" ಅಂದ ಗಿಟಾರಿಸ್ಟ್. ಲ್ಯಾಪ್‌ಟಾಪಿನಲ್ಲಿ ಅದೇ 5150ರ ಸಾಫ್ಟ್‌ವೇರ್ ಮಾಡೆಲ್ ಹಾಕಿದೆ. ಕ್ಯಾಬಿನೆಟ್ ಬದಲು ಒಂದು ಇಂಪಲ್ಸ್ ರೆಸ್ಪಾನ್ಸ್ ಫೈಲ್. ಒಂದು ಸ್ಪೀಕರಿನ ಮುಂದೆ ಒಂದು ಜಾಗದಲ್ಲಿ ಮೈಕ್ ಇಟ್ಟಾಗ ಸದ್ದಿನ ಯಾವ ಭಾಗ ಏರುತ್ತದೆ, ಯಾವುದು ಇಳಿಯುತ್ತದೆ ಅನ್ನುವುದರ ಅಚ್ಚು ಅದು. ಅವನಿಗೆ ಹೆಡ್‌ಫೋನ್ ಕೊಟ್ಟೆ. ಖುಷಿಯಾಗೇ ನುಡಿಸಿದ. ಇನ್ನೆರಡು ಹಾಡು ಆಯಿತು. ಹೊರಗೆ ಕೇಳುತ್ತಿದ್ದದ್ದು ತಂತಿಯ ಕಿಟಿಕಿಟಿ ಮಾತ್ರ.

ಮರುದಿನ ಕರೆಂಟ್ ಇತ್ತು. ನಾಲ್ಕೂ ಹಾಡಿನ ಡಿಐಗಳನ್ನು ಅದೇ 5150ಗೆ, ಅದೇ ಮೈಕಿಗೆ ಕಳಿಸಿ ರೀಆಂಪ್ ಮಾಡಿದೆ. ಗಿಟಾರ್, ತಂತಿ, ಪಿಕ್ ಎಲ್ಲಾ ಅವೇ. ಆಂಪಿನ ಒಂದು ನಾಬನ್ನೂ ಮುಟ್ಟಿರಲಿಲ್ಲ. ಹಿಂದೆ ಸೋಫಾದಲ್ಲಿ ಮಲಗಿದ್ದ ಡ್ರಮ್ಮರ್ ಕಣ್ಣು ಮುಚ್ಚಿಕೊಂಡೇ ಕೇಳಿದ: "ಇದು ಕರೆಂಟ್ ಹೋದಾಗ ತೆಗೆದಿದ್ದು ಅಲ್ವಾ?" ಹೌದು. ಮುಂದಿನದು? "ಇದು ಬೆಳಿಗ್ಗೆದು." ಅದೂ ಹೌದು. ಒಂದನ್ನೂ ತಪ್ಪಿ ಹೇಳಲಿಲ್ಲ.

ಮಧ್ಯಾಹ್ನದ ಟೇಕ್‌ಗಳು ತೆಳ್ಳಗಿದ್ದವು. ತಾಳ ಎಲ್ಲೂ ತಪ್ಪಿರಲಿಲ್ಲ. ಅಂಗೈಯಿಂದ ತಂತಿ ಒತ್ತಿ ಹೊಡೆಯುವ ಪಾಮ್ ಮ್ಯೂಟ್ ಇದೆಯಲ್ಲ, ಮೆಟಲ್‌ನ ಜೀವ ಇರುವುದೇ ಅಲ್ಲಿ. ಅಲ್ಲಿ ಪೆಟ್ಟಿನ ಮೊನೆ ಇರಲಿಲ್ಲ. ಸ್ಕ್ರೀನಿನಲ್ಲಿ ಎರಡು ಡಿಐಗಳನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆವು. ಬೆಳಗಿನದರಲ್ಲಿ ಪ್ರತಿ ಸ್ವರದ ಶುರುವಿಗೆ ಚೂಪಾದ ಕಡ್ಡಿ. ಮಧ್ಯಾಹ್ನದ್ದರಲ್ಲಿ ಅದು ಮೊಂಡಾಗಿತ್ತು.

ಮೊದಲು ಲೇಟೆನ್ಸಿ ಮೇಲೆ ಅನುಮಾನ ಬಂತು. ಲ್ಯಾಪ್‌ಟಾಪ್ ಲೆಕ್ಕ ಮಾಡಲು ತೆಗೆದುಕೊಳ್ಳುವ ತಡ. ಅದು ಸದ್ದನ್ನು ಚೂರು ಚೂರಾಗಿ (ಸ್ಯಾಂಪಲ್) ಬಫರಿನಲ್ಲಿ ತುಂಬಿಕೊಂಡು ಲೆಕ್ಕ ಮಾಡುತ್ತದೆ. 128 ಸ್ಯಾಂಪಲ್ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್. ಹೋಗಿ ಬರುವುದೆಲ್ಲಾ ಸೇರಿಸಿದರೂ 10ರ ಒಳಗೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲಿಕ್ಕೇ 3 ಮಿಲಿಸೆಕೆಂಡ್ ಬೇಕು. ಹಿಂದಿನ ದಿನ ಬೆಳಿಗ್ಗೆ ಗಿಟಾರಿಸ್ಟ್ ಆಂಪಿನಿಂದ ಮೂರು ಮೀಟರ್ ದೂರ ನಿಂತೇ ನುಡಿಸಿದ್ದ. ಅಂದರೆ ತಡ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ವಾಲ್ವ್‌ನ ಮಹಿಮೆಯಾ? ಅದನ್ನೂ ನೋಡೋಣ ಅಂತ ಸಾಫ್ಟ್‌ವೇರ್ ಮಾಡೆಲ್ಲನ್ನೇ ರೂಮಿನ ಪಿಎ ಸ್ಪೀಕರಿಗೆ, ಅಂದರೆ ಕಾರ್ಯಕ್ರಮಗಳಲ್ಲಿ ಜನರಿಗೆ ಕೇಳಿಸಲು ಇಡುವಂಥ ದೊಡ್ಡ ಸ್ಪೀಕರಿಗೆ, ಕೊಟ್ಟು, ಪ್ಯಾಂಟು ಅದುರುವಷ್ಟು ಜೋರು ಮಾಡಿದೆ. ಅವನು ಅದರ ಮುಂದೆ ನಿಂತು ಮೂರನೇ ಹಾಡನ್ನು ಮತ್ತೆ ನುಡಿಸಿದ. ಮೊನೆ ವಾಪಸ್ ಬಂತು! ರಿಫ್ ನಿಲ್ಲಿಸಿದಾಗ ತಂತಿ ತಾನಾಗೇ ಹೂಂಕರಿಸುವ ಫೀಡ್‌ಬ್ಯಾಕ್ ಕೂಡ ಬಂತು. ಸ್ಪೀಕರಿನ ಸದ್ದು ಗಾಳಿಯಲ್ಲಿ ಬಂದು ತಂತಿಯನ್ನು ಮತ್ತೆ ಅಲುಗಿಸಿದರೆ ತಾನೇ ಅದು ಹುಟ್ಟುವುದು. ಹೆಡ್‌ಫೋನಿನಲ್ಲಿ ಅದು ಎಲ್ಲಿಂದ ಬರಬೇಕು?

ನನಗೆ ಅನಿಸಿದ್ದು ಇಷ್ಟು. ಹೆಡ್‌ಫೋನಿನಲ್ಲಿ ಮೆತ್ತಗೆ ಮುಟ್ಟಿದರೂ ಸದ್ದು ದೊಡ್ಡದಾಗೇ ಕೇಳುತ್ತದೆ. ಆಗ ಕೈ ಸೋಮಾರಿಯಾಗುತ್ತದೆ, ನುಡಿಸುವವನಿಗೇ ಗೊತ್ತಾಗುವುದಿಲ್ಲ. ಎದುರಿಗೆ ಕ್ಯಾಬಿನೆಟ್ ಗುಡುಗುತ್ತಿದ್ದರೆ ಕೈ ಅದಕ್ಕೆ ಉತ್ತರ ಕೊಡಲೇಬೇಕು. ವಾಲ್ವಾ ಸಾಫ್ಟ್‌ವೇರಾ ಅನ್ನುವ ಜಗಳದಲ್ಲಿ ಈ ಮಾತು ಬರುವುದೇ ಅಪರೂಪ. ಎಲ್ಲರೂ ರೆಕಾರ್ಡ್ ಆದ ಸದ್ದನ್ನು ಹೋಲಿಸುತ್ತಾರೆ. ಅದರಲ್ಲಿ ಈಗಿನ ಡಿಜಿಟಲ್ ಸೋಲುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ವಾಲ್ವ್ ಇಲ್ಲದೆ ಮೆಟಲ್ ಇಲ್ಲ ಅನ್ನುವ ಮಾತಿಗಂತೂ ಸ್ಟಾಕ್‌ಹೋಮ್ ಎಂದೋ ಉತ್ತರ ಕೊಟ್ಟಿದೆ. 1990ರ ಆಸುಪಾಸಿನಲ್ಲಿ ಅಲ್ಲಿನ ಸನ್‌ಲೈಟ್ ಸ್ಟುಡಿಯೋದಿಂದ ಬಂದ ಗರಗಸದಂಥ ಡೆತ್ ಮೆಟಲ್ ಸದ್ದು ಹುಟ್ಟಿದ್ದು ಬಾಸ್ ಎಚ್‌ಎಂ-2 ಅನ್ನುವ ಪುಟ್ಟ ಪೆಡಲ್‌ನಿಂದ. ನಾಲ್ಕೂ ನಾಬ್ ಪೂರ್ತಿ ತಿರುಗಿಸಿ ಬಿಟ್ಟರು, ಅಷ್ಟೇ. ಅದರೊಳಗೆ ಒಂದು ವಾಲ್ವೂ ಇಲ್ಲ.

ಕೇಳುಗರಿಗೆ ಹೆಡ್‌ಫೋನ್ ಸಾಕು, ಅದು ಬೇರೆ ಮಾತು. 2011ರ ಅಕ್ಟೋಬರ್‌ನಲ್ಲಿ ನಮ್ಮ ಅರಮನೆ ಮೈದಾನವನ್ನು ನಡುಗಿಸಿದ ಮೆಟಲ್ ಬ್ಯಾಂಡ್ ಮೆಟಾಲಿಕಾ, 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಅಲ್ಲಿ ಸ್ಪೀಕರ್ ಹಚ್ಚುವಂತಿರಲಿಲ್ಲ. ಜನ ಹೆಡ್‌ಫೋನ್ ಹಾಕಿಕೊಂಡೇ ಕುಣಿದರು.

ಕೊನೆಗೆ ಮಿಕ್ಸ್‌ನಲ್ಲಿ ಎಡಗಡೆಗೆ 5150, ಬಲಗಡೆಗೆ ಬೇರೊಂದು ಆಂಪಿನ ಸಾಫ್ಟ್‌ವೇರ್ ಮಾಡೆಲ್ ಇಟ್ಟೆ. ಎರಡೂ ಬೇರೆ ಬೇರೆ ಸಲ ನುಡಿಸಿದ ಟೇಕ್‌ಗಳು. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಹಾಕಿದರೆ ಸದ್ದು ಅಗಲವಾಗುವುದಿಲ್ಲ, ನಡುವಿಗೇ ಬಂದು ಕೂರುತ್ತದೆ. ಯಾವ ಕಡೆ ಯಾವುದಿದೆ ಅಂತ ಬ್ಯಾಂಡಿನವರೇ ಕೇಳಲಿಲ್ಲ. ಕರೆಂಟ್ ಹೋದಾಗಿನ ಟೇಕ್‌ಗಳನ್ನೆಲ್ಲಾ ಪಿಎ ಮುಂದೆ ನಿಂತು ಮತ್ತೆ ನುಡಿಸಿದ್ದಾಯಿತು. ಆ ಮಧ್ಯಾಹ್ನದ್ದು ಒಂದನ್ನು ಮಾತ್ರ ಉಳಿಸಿಕೊಂಡೆವು. ನಾಲ್ಕನೇ ಹಾಡಿನ ಶುರುವಿನಲ್ಲಿ ಡಿಸ್ಟಾರ್ಷನ್ ಇಲ್ಲದೆ ಬಿಡಿ ಬಿಡಿ ಸ್ವರಗಳ ಒಂದು ಭಾಗವಿದೆ. ಅಲ್ಲಿಗೆ ಬೇಕಾಗಿದ್ದದ್ದು ಆ ಮೆತ್ತನೆ ಕೈಯೇ.