ಬೇಲಿಗಿಂತ ಮೊದಲು ಅಳತೆ

ಸಣ್ಣ ಊರಿನ ನಗರಸಭೆಯೊಂದರಲ್ಲಿ ಕಿರಿಯ ಅಭಿಯಂತರನಾಗಿ ಸೇರಿದಾಗ ನನ್ನ ಪಾಲಿಗೆ ಬಂದ ಮೊದಲ ಸ್ವತಂತ್ರ ಕಾಮಗಾರಿ, ಹಳೆಯ ಬಡಾವಣೆಯ ಉದ್ಯಾನಕ್ಕೆ ತಂತಿಬೇಲಿ ಹಾಕಿಸುವುದು. ಉದ್ಯಾನವೆಂಬುದು ನಕ್ಷೆಯಲ್ಲಷ್ಟೇ ಇತ್ತು. ಸ್ಥಳದಲ್ಲಿದ್ದದ್ದು ಎರಡು ಹೊಂಗೆ ಮರ, ಮೊಣಕಾಲೆತ್ತರದ ಪಾರ್ಥೇನಿಯಂ ಮತ್ತು ಪೂರ್ವದ ಅಂಚಿನಲ್ಲಿ ಪಕ್ಕದ ಮನೆಯವರು ಸುರಿಸಿದ್ದ ಜಲ್ಲಿಯ ರಾಶಿ. ಮಾರ್ಚ್ ತಿಂಗಳಾಗಿದ್ದರಿಂದ, ತಿಂಗಳೊಳಗೆ ಬಿಲ್ಲಾಗದಿದ್ದರೆ ಅನುದಾನ ವಾಪಸು ಹೋಗುವ ಭಯವಿತ್ತು. ಅಕ್ಕಪಕ್ಕದವರು ಕೈ ತೋರಿಸಿದ ಗೆರೆಯನ್ನೇ ಗಡಿಯೆಂದು ನಂಬಿ ಕಲ್ಲುಕಂಬ ನೆಡಿಸಿದೆ. ಜಲ್ಲಿಯ ರಾಶಿ ಬೇಲಿಯ ಹೊರಗೆ ಉಳಿಯಿತು.

ಮರುವರ್ಷ ಆ ರಾಶಿಯಿದ್ದಲ್ಲಿ ಕಾಂಪೌಂಡ್ ಗೋಡೆಯ ತಳಪಾಯ ಎದ್ದಿತು. ಬಡಾವಣೆಯವರ ದೂರಿನ ಮೇಲೆ ವಿಚಾರಿಸಲು ಹೋದರೆ ಮನೆಯ ಯಜಮಾನರು ಸ್ವಲ್ಪವೂ ಅಳುಕಲಿಲ್ಲ. "ನೀವೇ ನಿಂತು ಬೇಲಿ ಹಾಕಿಸಿದ್ರಲ್ಲ ಸಾರ್, ಅದರಿಂದ ಈಚೆಗಿರೋದು ನಮ್ಮದು ತಾನೆ?" ಎಂದರು. ಉತ್ತರ ಹೊಳೆಯಲಿಲ್ಲ. ಒತ್ತುವರಿ ತಡೆಯಲೆಂದು ನಾನು ಹಾಕಿಸಿದ ಬೇಲಿಯೇ ಅವರ ಕೈಗೆ ಸಾಕ್ಷಿಯಾಗಿ ಸಿಕ್ಕಿತ್ತು.

ಅಂದಿನಿಂದ ಕಡತ ಹುಡುಕುವ ಕೆಲಸ ಶುರುವಾಯಿತು. ಬಡಾವಣೆ ಮಾಡಿದವರು ರಸ್ತೆ ಮತ್ತು ಉದ್ಯಾನದ ಜಾಗವನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಇತ್ತು, ಅದರಲ್ಲಿ ಚೆಕ್ಕುಬಂದಿಯೂ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವೂ, ಸ್ಪಷ್ಟವಾಗಿತ್ತು; ಆದರೆ ಆಸ್ತಿ ದಾಖಲೆಯಲ್ಲಿ ಆ ಜಾಗಕ್ಕೆ ನಗರಸಭೆಯ ಹೆಸರಿನಲ್ಲಿ ಖಾತೆಯನ್ನೇ ಮಾಡಿರಲಿಲ್ಲ. ಅನುಮೋದಿತ ವಿನ್ಯಾಸ ನಕ್ಷೆಯಲ್ಲಿ ಉತ್ತರದ ಬದಿ 42 ಮೀಟರ್ ಎಂದಿತ್ತು. ಟೇಪ್ ಹಿಡಿದು ಅಳೆದರೆ ಬೇಲಿಯಿಂದ ಬೇಲಿಗೆ 37 ಬಂತು. ಕಳೆದುಹೋದ ಐದು ಮೀಟರ್ ಎಲ್ಲಿದೆಯೆಂದು ನನಗೆ ತೋರಿಸಿದವರು ಆ ಭಾಗಕ್ಕೆ ನೀರು ಬಿಡುತ್ತಿದ್ದ ವಾಲ್ವ್‌ಮನ್. ಕುಡಿಯುವ ನೀರಿನ ಹಳೆಯ ಪೈಪು ಉದ್ಯಾನದ ಅಂಚಿಗೇ ಹೋಗಿದೆಯೆಂದು ಅವರಿಗೆ ಗೊತ್ತಿತ್ತು. ಅದರ ಗುರುತು ಹಿಡಿದು ಅವರು ಹಾರೆಯಿಂದ ಎರಡು ಕಡೆ ಕೆದಕಿದಾಗ, ಜಲ್ಲಿಪುಡಿಯ ಕೆಳಗೆ ಒಂದು ಗೇಣು ಆಳದಲ್ಲಿ, ಬಿಳಿ ಬಣ್ಣ ಇನ್ನೂ ಅಲ್ಲಲ್ಲಿ ಅಂಟಿಕೊಂಡಿದ್ದ ಗಡಿಕಲ್ಲು ಸಿಕ್ಕಿತು. ಪೂರ್ವದ ನೆರೆಯವರನ್ನೂ ಕರೆದು, ಎಲ್ಲರ ಎದುರಿಗೆ ಮಹಜರು ಬರೆದು ಸಹಿ ಪಡೆದೆವು.

ನೋಟಿಸು, ಉತ್ತರ, ಮತ್ತೆ ನೋಟಿಸು ಎಂದು ಎರಡು ವರ್ಷ ಕಳೆದ ಮೇಲೆ ತಳಪಾಯ ತೆಗೆದರು. ಬೇಲಿಯನ್ನು ಕಿತ್ತು ಸರಿಯಾದ ಜಾಗಕ್ಕೆ ಹಾಕಿಸಿದ ಎರಡನೆಯ ಸಲದ ಖರ್ಚಿಗೆ ಆಡಿಟ್ ಆಕ್ಷೇಪಣೆ ಬಂತು, ಅದು ನ್ಯಾಯವೂ ಆಗಿತ್ತು.

ಆ ದಿನಗಳಲ್ಲಿಯೇ ನಾನು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಅಧಿನಿಯಮವನ್ನು ಮೊದಲ ಬಾರಿ ಪೂರ್ತಿ ಓದಿದ್ದು. ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಇಂತಹ ಜಾಗಗಳ ಪಟ್ಟಿ ಮಾಡಬೇಕು ಎಂಬುದು ಅದರ ಮೂಲ ಆಶಯ, ಏಕೆಂದರೆ ಪಟ್ಟಿಯಲ್ಲಿರುವ ಜಾಗದ ಬಳಕೆಯನ್ನು ಮನಬಂದಂತೆ ಬದಲಿಸಲು ಬರುವುದಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪು ನೀಡಿತು; ಆ ಪ್ರಕರಣದಲ್ಲಿ ಪ್ರಶ್ನೆ ಎತ್ತಿದವರು ಅಲ್ಲಿಯ ನಿವಾಸಿಗಳು. ಅವರಿಗೆ ಬಲವಾಗಿದ್ದದ್ದು ಉದ್ಯಾನವೆಂದು ಗುರುತಿಸಿದ ನಕ್ಷೆ. ನನ್ನ ಪ್ರಕರಣ ಅದರ ಮುಂದೆ ಸಾಸಿವೆಯಷ್ಟು, ಆದರೂ ಕಾಗದದ ಬೆಲೆ ಎರಡೂ ಕಡೆ ಒಂದೇ.

ಸಣ್ಣ ಊರುಗಳಲ್ಲಿ ಉದ್ಯಾನವೆಂದರೆ ಕಮಾನು, ಕಾರಂಜಿ, ಉದ್ಘಾಟನೆಯ ಕಲ್ಲು ಎಂದೇ ಅನೇಕರ ಎಣಿಕೆ. ಕಾರಂಜಿಗೆ ಹಣ ಕೇಳಿದರೆ ಬೇಗ ಸಿಗುತ್ತದೆ, ಅಳತೆಗೆ ಸರ್ವೆಯರ್ ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕು. ಆದರೂ ಈಗ ನಾನು ಅಂದಾಜುಪಟ್ಟಿ ತಯಾರಿಸುವುದಕ್ಕೂ ಮೊದಲು ಬಿಟ್ಟುಕೊಟ್ಟ ಪತ್ರ, ಖಾತೆ ಮತ್ತು ಅಳತೆ ನಕ್ಷೆ ಮೂರನ್ನೂ ಒಂದೇ ಕಡತದಲ್ಲಿ ಹೊಲಿಸಿ ಇಡುತ್ತೇನೆ, ಗಡಿಕಲ್ಲುಗಳ ಫೋಟೊವನ್ನೂ ಸೇರಿಸುತ್ತೇನೆ. ವಾಲ್ವ್‌ಮನ್‌ಗಳನ್ನು ಕೇಳುವುದನ್ನಂತೂ ಮರೆಯುವುದಿಲ್ಲ.

ಸದ್ಯ ಕೆಲಸ ಮಾಡುತ್ತಿರುವ ಊರಿನಲ್ಲಿ ಖಾತೆಯಾಗದ ಮೂರು ಉದ್ಯಾನಗಳು ಉಳಿದಿವೆ. ಅವುಗಳಲ್ಲೊಂದರ ಮೂಲೆಯಲ್ಲಿ ಹೋದ ವಾರ ಒಂದು ಲೋಡು ಜಲ್ಲಿ ಬಂದು ಬಿದ್ದಿದೆ. ಸರ್ವೆಯರ್ ಸೋಮವಾರ ಬರುವುದಾಗಿ ಒಪ್ಪಿದ್ದಾರೆ.