ಬೊಂಬೆ ಉಡುಪು ಪ್ರಾಜೆಕ್ಟ್: ಆರನೇ ವಾರ, ಹುಕ್ಕುಗಳ ಲೆಕ್ಕ

ಹೊಸದಾಗಿ ಓದುವವರಿಗೆ: 1900ರಿಂದ 1926ರವರೆಗಿನ ಯುರೋಪ್, ಅಮೆರಿಕದ ಹೆಂಗಸರು ತೊಡುತ್ತಿದ್ದಂಥ ನಾಲ್ಕು ಉಡುಪುಗಳನ್ನು ಅರ್ಧ ಅಳತೆಯ ಬೊಂಬೆಗಳಿಗೆ ಹೊಲಿಯುತ್ತಿದ್ದೇನೆ.

ಮೊದಲನೆಯದು, 1903ರ ಮಾದರಿಯ ಬಿಳಿ ಗೌನು, ಕೊನೆಗೂ ಮುಗಿಯಿತು. ಕಿವಿಯ ಹತ್ತಿರದವರೆಗೆ ನಿಲ್ಲುವ ಕಾಲರ್, ಪಾರಿವಾಳದ ಎದೆಯಂತೆ ಉಬ್ಬಿದ ಮುಂಭಾಗ, ನೆಲ ಗುಡಿಸುವ ಅಂಚು. ಒಳಗೆ ಸೊಂಟ ಬಿಗಿಯುವ ಒಳಉಡುಪು, ಅಂದ್ರೆ ಕಾರ್ಸೆಟ್ ಬೇರೆ. ಬೆನ್ನಿಗೆ ಹಾಕಿದ ಹುಕ್ಕುಗಳನ್ನು ಎಣಿಸಿದೆ: 31. ಬೊಂಬೆಗೆ ಹಾಕುವಷ್ಟರಲ್ಲೇ ನನ್ನ ಬೆರಳು ನೊಂದವು. ಇದನ್ನು ತೊಟ್ಟವಳು ತನ್ನ ಬೆನ್ನಿನ ಹುಕ್ಕು ತಾನೇ ಹಾಕಿಕೊಂಡಳೇ? ಆಗದ ಮಾತು. ಕೆಲಸದವಳೋ ತಂಗಿಯೋ ಹಿಂದೆ ನಿಲ್ಲಲೇಬೇಕು. ಅಲ್ಲಿಂದ ಎಲ್ಲ ಉಡುಪಿಗೂ ನನ್ನದು ಒಂದೇ ಪ್ರಶ್ನೆ: ಇದನ್ನು ಒಬ್ಬಳೇ ಹಾಕಿಕೊಳ್ಳಬಹುದಾ?

ಎರಡನೆಯದು 1911ರ ಹಾಬಲ್ ಸ್ಕರ್ಟ್. ಪ್ಯಾರಿಸ್‌ನ ಪಾಲ್ ಪೊಯ್ರೆ ಕಾರ್ಸೆಟ್ ಬೇಡದ ಉಡುಪು ತಂದು ಹೆಸರಾದವನು. ಅದೇ ಪುಣ್ಯಾತ್ಮ ಕಾಲು ಕಟ್ಟಿಹಾಕುವ ಈ ಸ್ಕರ್ಟನ್ನೂ ಫ್ಯಾಶನ್ ಮಾಡಿದ. ಹುಕ್ಕು ಹನ್ನೆರಡೇ, ಆದರೆ ಕಣಕಾಲಿನ ಹತ್ತಿರ ಸುತ್ತಳತೆ ಎಷ್ಟು ಕಮ್ಮಿ ಅಂದ್ರೆ, ಹೆಜ್ಜೆ ಇಡುವ ಭಂಗಿಯಲ್ಲಿ ಬೊಂಬೆಯನ್ನು ನಿಲ್ಲಿಸೋಕೇ ಆಗಲಿಲ್ಲ. 1912ರಲ್ಲಿ ನ್ಯೂಯಾರ್ಕ್‌ನಲ್ಲಿ ಹತ್ತಲು ಸುಲಭವಾಗುವಂತೆ ತಗ್ಗಿನ ಟ್ರಾಮ್ ಬಂತು. ಜನ ಅದಕ್ಕೆ ಹಾಬಲ್ ಸ್ಕರ್ಟ್ ಕಾರ್ ಅಂತಲೇ ಹೆಸರಿಟ್ಟರು! ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ನೇರಳೆ, ಬಿಳಿ, ಹಸಿರು ಬಣ್ಣ ತೊಟ್ಟ ಹೆಂಗಸರು ಮತದಾನದ ಹಕ್ಕಿಗಾಗಿ ಮೆರವಣಿಗೆ ಹೋಗುತ್ತಿದ್ದರು. ಈ ಸ್ಕರ್ಟಿನಲ್ಲಿ ಮೆರವಣಿಗೆಯಂತೂ ಸಾಧ್ಯವಿಲ್ಲ.

ಮೂರನೆಯದು 1916ರದ್ದು, ಇನ್ನೂ ಅರ್ಧ. ಕಣಕಾಲಿಗಿಂತ ಮೇಲೆ ನಿಲ್ಲುವ, ಅಗಲ ಘೇರಿನ ಸ್ಕರ್ಟ್. ಮೊದಲ ಮಹಾಯುದ್ಧಕ್ಕೆ ಹೋದ ಗಂಡಸರ ಜಾಗದಲ್ಲಿ ಹೆಂಗಸರು ಬಸ್ ಕಂಡಕ್ಟರ್ ಆದರು, ಮದ್ದುಗುಂಡಿನ ಕಾರ್ಖಾನೆಗೆ ಹೋದರು. ಸಿಡಿಮದ್ದು ತುಂಬುವ ಕಡೆ ಕಿಡಿ ಹಾರೀತೆಂದು ಲೋಹದ ಹೇರ್‌ಪಿನ್, ಕಾರ್ಸೆಟ್ಟಿನ ಉಕ್ಕಿನ ಪಟ್ಟಿ ಎರಡೂ ನಿಷಿದ್ಧ. ಇದನ್ನು ಓದಿದಾಗ ಸೂಜಿ ಕೆಳಗಿಟ್ಟು ಸುಮ್ನೆ ಕೂತೆ. ಕಾರ್ಸೆಟ್ ಬಿಡಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ವೈದ್ಯರ ಮಾತು ಕೇಳದವರೂ ಇಲ್ಲಿ ಕಳಚಿಡಲೇಬೇಕಿತ್ತು, ಅಲ್ವಾ?

ಬೇಜಾರಾಗಿ ಅದನ್ನು ಪಕ್ಕಕ್ಕಿಟ್ಟು ನಾಲ್ಕನೆಯದಕ್ಕೆ ಕೈ ಹಾಕಿದೆ. 1926ರ ನೇರ ಫ್ರಾಕು, ಕೃತಕ ರೇಷ್ಮೆಯದು. ಸೊಂಟದ ಗೆರೆ ಕೆಳಗಿಳಿದಿದೆ, ಅಂಚು ಮೊಣಕಾಲಿಗೆ ಏರಿದೆ. ಎರಡು ಪಕ್ಕದ ಹೊಲಿಗೆ, ತಲೆಯ ಮೇಲಿಂದ ಹಾಕಿಕೊಂಡರೆ ಆಯಿತು. ಹುಕ್ಕು: ಸೊನ್ನೆ. ಒಂದೇ ಸಂಜೆಯಲ್ಲಿ ಮುಗಿಯಿತು. ಮನೆಯಲ್ಲೇ ಹೊಲಿದುಕೊಳ್ಳುವವರಿಗೂ ಫ್ಯಾಶನ್ ಕೈಗೆಟುಕಿದ್ದು ಹೀಗೆ. ಆದರೆ ಜಾಸ್ತಿ ಹೊಗಳಲಾರೆ. ಎದೆ ಚಪ್ಪಟೆ ಕಾಣಲೆಂದು ಬಿಗಿಯುವ ಪಟ್ಟಿ ಈ ಫ್ರಾಕಿನ ಒಳಗೂ ಇರುತ್ತಿತ್ತು. ಬ್ರಿಟನ್ನಿನಲ್ಲಿ 21 ತುಂಬಿದ ಹೆಂಗಸರಿಗೆಲ್ಲ 1928ರಲ್ಲಿ ಮತ ಸಿಕ್ಕಾಗ ಕೆಲವು ಪತ್ರಿಕೆಗಳು ಅದನ್ನು 'ಫ್ಲ್ಯಾಪರ್ ವೋಟು' ಎಂದು ಅಣಕಿಸಿದವು (ಫ್ಲ್ಯಾಪರ್ ಅಂದ್ರೆ ಇಂಥ ಗಿಡ್ಡ ಫ್ರಾಕು ತೊಟ್ಟ ಹೊಸ ಕಾಲದ ಹುಡುಗಿ). ಅಣಕಿಸುವವರಿಗೆ ಕಂಡಿದ್ದು ಮೊಣಕಾಲು.

ಮುಂದಿನ ವಾರ ಮೂರನೆಯದರ ಘೇರನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ನೆರಿಗೆ ಒಂದು ಕಡೆ ಎಳೆಯುತ್ತಿದೆ. ಹುಕ್ಕು ಸದ್ಯಕ್ಕೆ ಆರು, ಎಲ್ಲವೂ ಮುಂದೆಯೇ.