ಜೂನ್ ಓಟಿಗೆ ಫೆಬ್ರವರಿಯಲ್ಲೇ ಗಡುವು

ನ್ಯೂಯಾರ್ಕ್ ನಗರದಲ್ಲಿ ಜೂನ್ ತಿಂಗಳ ಪ್ರೈಮರಿಯಲ್ಲಿ ಓಟು ಹಾಕಬೇಕು ಅಂದರೆ ಕೆಲವರು ಫೆಬ್ರವರಿ 14ರೊಳಗೇ ವೋಟರ್ ಲಿಸ್ಟಿನಲ್ಲಿ ತಮ್ಮ ಪಕ್ಷ ಯಾವುದು ಅಂತ ಬರೆಸಿರಬೇಕು. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಸಿಟಿಜನ್‌ಶಿಪ್ ಬಂತು, ವೋಟರ್ ಲಿಸ್ಟಿನಲ್ಲಿ ಹೆಸರೂ ಸೇರಿತು, ಇನ್ನೇನು ಅಂತ ಸುಮ್ಮನಿದ್ದುಬಿಡುತ್ತಾರೆ. 2025ರ ಮೇಯರ್ ಚುನಾವಣೆಗೆ ಮುಂಚೆ ನಮ್ಮ ಮಾವನವರ ಹೆಸರು ಹುಡುಕಲು ಕೂತಾಗ ಆಗಿದ್ದನ್ನು ಅದಕ್ಕೇ ಬರೆಯುತ್ತಿದ್ದೇನೆ.

ಪ್ರೈಮರಿ ಅಂದರೆ ಏನು ಅಂತ ಊರಿನವರು ಕೇಳಿದಾಗೆಲ್ಲ ನಾನು ಬಿ ಫಾರಂ ಕಥೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಯಾರನ್ನು ನಿಲ್ಲಿಸಬೇಕು ಅನ್ನುವುದು ಹೈಕಮಾಂಡ್ ತೀರ್ಮಾನ. ಟಿಕೆಟ್ ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಅಂತ ಓಡಾಡುತ್ತಾರೆ, ಕೊನೆಗೆ ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಇಲ್ಲಿ ಆ ಬಿ ಫಾರಂ ಯಾರಿಗೆ ಅಂತ ಮತದಾರರೇ ಓಟು ಹಾಕಿ ಹೇಳುತ್ತಾರೆ. ಅದೇ ಪ್ರೈಮರಿ. ಈ ನಗರದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಹೆಸರು ಬರೆಸಿದವರು ಎಷ್ಟು ಜಾಸ್ತಿ ಅಂದರೆ, ಸಿಟಿ ಕೌನ್ಸಿಲ್‌ನ ಬಹಳಷ್ಟು ಸೀಟುಗಳಲ್ಲಿ ಜೂನ್‌ನಲ್ಲಿ ಗೆದ್ದವರೇ ನವೆಂಬರ್‌ನ ಮುಖ್ಯ ಚುನಾವಣೆಯಲ್ಲೂ ಗೆಲ್ಲುತ್ತಾರೆ. ಅಂದರೆ ನಿಜವಾದ ಪೈಪೋಟಿ ಜೂನ್‌ನಲ್ಲೇ ಮುಗಿದಿರುತ್ತದೆ. ಆದರೆ ಆ ಜೂನ್ ಓಟು ಎಲ್ಲರಿಗೂ ಇಲ್ಲ. ಒಂದು ಪಕ್ಷಕ್ಕೆ ಅಂತ ಹೆಸರು ಬರೆಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿ. ಬೇರೆ ಕೆಲವು ರಾಜ್ಯಗಳಲ್ಲಿ ಇಷ್ಟು ಬಿಗಿ ಇಲ್ಲ, ಟೆಕ್ಸಾಸ್‌ನಲ್ಲಿ ಹೆಸರು ನೋಂದಾಯಿಸುವಾಗ ಪಕ್ಷ ಯಾವುದು ಅಂತ ಕೇಳುವುದೇ ಇಲ್ಲ. ನ್ಯೂಯಾರ್ಕಿನಲ್ಲಿ ಕೇಳುತ್ತಾರೆ.

ಮಾವ ಚಿಕ್ಕಮಗಳೂರು ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ಮಗನ ಜೊತೆ ಇರಲು ನ್ಯೂಯಾರ್ಕಿನ ಕ್ವೀನ್ಸ್‌ಗೆ ಬಂದರು. ಗ್ರೀನ್ ಕಾರ್ಡ್ ಆಗಿ ಐದು ವರ್ಷ ಕಳೆದ ಮೇಲೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದರು, ಬ್ರೂಕ್ಲಿನ್‌ನ ಫೆಡರಲ್ ಕೋರ್ಟಿನಲ್ಲಿ ಪ್ರಮಾಣ ಮಾಡಿದರು. ಅಲ್ಲೇ ವೋಟರ್ ರಿಜಿಸ್ಟ್ರೇಷನ್ ಫಾರಂ ಹಂಚುತ್ತಿದ್ದರಂತೆ, ತುಂಬಿ ಕೊಟ್ಟು ಬಂದಿದ್ದರು. ಭಾರತದ ಪಾಸ್‌ಪೋರ್ಟ್ ಬಿಟ್ಟು ಒಸಿಐ ಕಾರ್ಡ್ ತೆಗೆದುಕೊಂಡಿದ್ದರಿಂದ ಊರಿನ ಓಟು ಹೋಗಿತ್ತು. ಒಸಿಐ ಇದ್ದರೆ ವೀಸಾ ಇಲ್ಲದೆ ಹೋಗಿಬರಬಹುದು, ಓಟು ಹಾಕುವ ಹಾಗಿಲ್ಲ. 1977ರಿಂದ ಒಂದು ಚುನಾವಣೆಯನ್ನೂ ಬಿಡದ ಮನುಷ್ಯ. ಹಾಗಾಗಿ ಇಲ್ಲಿನ ಓಟು ಅವರಿಗೆ ಬಹಳ ಮುಖ್ಯವಾಗಿತ್ತು.

ಫೆಬ್ರವರಿ ಮೊದಲ ವಾರ ಒಂದು ಸಂಜೆ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆಗೆದೆ. ರಾಜ್ಯದ ಚುನಾವಣಾ ಮಂಡಳಿಯ ವೆಬ್‌ಸೈಟಿನಲ್ಲಿ ಕೌಂಟಿ, ಕೊನೆಯ ಹೆಸರು, ಮೊದಲ ಹೆಸರು, ಹುಟ್ಟಿದ ತಾರೀಖು, ಜಿಪ್ ಕೋಡ್ ಕೊಟ್ಟರೆ ಸಾಕು, ಎಲ್ಲಾ ವಿವರ ಬರುತ್ತದೆ. ಹಾಕಿದೆ. ಅಂಥ ಮತದಾರ ಇಲ್ಲ ಅಂತ ಬಂತು.

ಮಾವನ ಮುಖ ನೋಡಬೇಕಿತ್ತು. "ಏನಮ್ಮಾ ಇದು, ಹೆಸರೇ ಇಲ್ವಾ?" ಅಂತ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ನಮ್ಮವರ ಹೆಸರಿನ ಪಾಡು ಗೊತ್ತೇ ಇದೆಯಲ್ಲ. ಊರಲ್ಲಿ ಎರಡು ಇನಿಷಿಯಲ್, ಆಮೇಲೆ ಹೆಸರು. ಮೊದಲನೆಯದು ಊರು, ಎರಡನೆಯದು ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕು, ಆಗ ಊರಿನ ಹೆಸರು ಸರ್‌ನೇಮ್ ಆಗಿ ಕೂರುತ್ತದೆ, ಅಥವಾ ಅಪ್ಪನ ಹೆಸರು. ಬ್ಯಾಂಕಿನಲ್ಲಿ ಒಂದು ಥರ, ಇನ್ಶೂರೆನ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಅದಕ್ಕೆ ಮಾವ ಸಿಟಿಜನ್‌ಶಿಪ್ ಸಿಕ್ಕಾಗ ಕೊಟ್ಟ ನ್ಯಾಚುರಲೈಸೇಷನ್ ಸರ್ಟಿಫಿಕೇಟನ್ನೇ ಬೀರುವಿನಿಂದ ತಂದರು. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಅದರ ಮೇಲೆ ಇನ್ನೊಂದು ಕವರ್ ಹಾಕಿದ್ದರು. ಅದರಲ್ಲಿದ್ದ ಹಾಗೆ ಅಕ್ಷರ ಅಕ್ಷರ ಹೊಂದಿಸಿ ಟೈಪ್ ಮಾಡಿದೆ. ಊರಿನ ಹೆಸರು ಕೊನೆಗೆ, ಇವರದ್ದು ಮೊದಲಿಗೆ. ಆಗ ಬಂತು. ಹೆಸರು, ವಿಳಾಸ, ಯಾವ ಕೌನ್ಸಿಲ್ ಡಿಸ್ಟ್ರಿಕ್ಟ್, ಎಲ್ಲಾ ಇದೆ. ಸ್ಟೇಟಸ್ ಆ್ಯಕ್ಟಿವ್. ಮಾವ "ಸದ್ಯ" ಅಂತ ಉಸಿರು ಬಿಟ್ಟರು. ಪಕ್ಷ ಅನ್ನುವ ಕಡೆ ನೋಡಿದರೆ ಬ್ಲ್ಯಾಂಕ್.

ಅವರು ಬೇಕೆಂದೇ ಹಾಗೆ ಮಾಡಿದ್ದರು. ಫಾರಂನಲ್ಲಿ ಪಕ್ಷಗಳ ಪಟ್ಟಿಯ ಕೆಳಗೆ, ಯಾವ ಪಕ್ಷಕ್ಕೂ ಸೇರಲು ಇಷ್ಟವಿಲ್ಲ ಅನ್ನುವ ಚೌಕ ಒಂದಿರುತ್ತದೆ. ಅದಕ್ಕೆ ಗುರುತು ಹಾಕಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗೆ ಈಗಲೂ ಸರಿ ಅನ್ನಿಸುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1978ರ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತಿದ್ದಾಗ, ಇವರಿಗೆ ಎಲೆಕ್ಷನ್ ಡ್ಯೂಟಿ ಬಿದ್ದಿತ್ತು. ಆಮೇಲೆ ರಿಟೈರ್ ಆಗುವವರೆಗೂ ಚುನಾವಣೆ ಬಂದಾಗೆಲ್ಲ ಡ್ಯೂಟಿ. ಮಸ್ಟರಿಂಗ್ ಸೆಂಟರ್‌ನಲ್ಲಿ ಸಾಮಾನು ಲೆಕ್ಕ ಮಾಡಿ ತೆಗೆದುಕೊಳ್ಳುವುದು, ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆಯುವುದು, ಬೆಳಿಗ್ಗೆ ಏಜೆಂಟರ ಮುಂದೆ ಪೆಟ್ಟಿಗೆಗೆ ಸೀಲ್ ಹಾಕುವುದು, ರಾತ್ರಿ ಡಿಮಸ್ಟರಿಂಗ್ ಕ್ಯೂನಲ್ಲಿ ನಿಲ್ಲುವುದು. "ಬೂತಿನಲ್ಲಿ ಕೂತವನು ಯಾರ ಕಡೆ ಅಂತ ಯಾರಿಗೂ ಗೊತ್ತಾಗಬಾರದು ಕಣಮ್ಮಾ, ನಮ್ಮ ಮನೇಲೇ ನಾನು ಯಾರಿಗೆ ಹಾಕಿದೆ ಅಂತ ಹೇಳಿದವನಲ್ಲ. ಈಗ ಸರ್ಕಾರದ ಫಾರಂನಲ್ಲಿ ಪಕ್ಷದ ಹೆಸರು ಬರೆದುಕೊಡು ಅಂದರೆ ಹೇಗೆ?" ಅಂದರು.

ಇದಕ್ಕೆ ನನ್ನ ಹತ್ತಿರ ತಟ್ಟಂತ ಉತ್ತರ ಇರಲಿಲ್ಲ. ಅವರ ಅಂಜಿಕೆ ಸುಳ್ಳಲ್ಲ. ಯಾರು ಯಾವ ಪಕ್ಷಕ್ಕೆ ಹೆಸರು ಬರೆಸಿದ್ದಾರೆ ಅನ್ನುವುದು ಇಲ್ಲಿ ವೋಟರ್ ಲಿಸ್ಟಿನಲ್ಲೇ ಇರುತ್ತದೆ, ಅಭ್ಯರ್ಥಿಗಳ ಕಡೆಯವರು ಅದನ್ನು ತೆಗೆದುಕೊಂಡೇ ಮನೆ ಬಾಗಿಲಿಗೆ ಬರುತ್ತಾರೆ. ಇದನ್ನು ನಾನು ಮುಚ್ಚಿಡಲಿಲ್ಲ. ಆದರೆ ಇದು ಪಕ್ಷದ ಕಾರ್ಯಕರ್ತ ಆಗುವ ಹಾಗಲ್ಲ, ಚಂದಾ ಇಲ್ಲ, ಮೀಟಿಂಗ್ ಇಲ್ಲ, ನವೆಂಬರ್‌ನಲ್ಲಿ ಯಾವ ಪಕ್ಷಕ್ಕೆ ಬೇಕಾದರೂ ಹಾಕಬಹುದು, ಓಟಿನ ಗುಟ್ಟು ಗುಟ್ಟಾಗಿಯೇ ಇರುತ್ತದೆ ಅಂತ ಹೇಳಿದೆ. ಜೊತೆಗೆ ತಾರೀಖಿನ ವಿಷಯ ಹೇಳಿದೆ. ಹೊಸದಾಗಿ ಹೆಸರು ಸೇರಿಸುವವರಿಗೆ ಜೂನ್ 14ರವರೆಗೂ ಸಮಯ ಇತ್ತು, ಪ್ರೈಮರಿ ಇದ್ದದ್ದು ಜೂನ್ 24ಕ್ಕೆ. ಆದರೆ ಆಗಲೇ ಪಟ್ಟಿಯಲ್ಲಿದ್ದು ಪಕ್ಷ ಬದಲಾಯಿಸುವವರಿಗೆ, ಬ್ಲ್ಯಾಂಕ್‌ನಿಂದ ಒಂದು ಪಕ್ಷಕ್ಕೆ ಬರುವವರಿಗೂ ಸೇರಿ, ಫೆಬ್ರವರಿ 14 ಕೊನೆ. ಆಮೇಲೆ ಕೊಟ್ಟ ಅರ್ಜಿ ಪ್ರೈಮರಿ ಮುಗಿದ ಮೇಲೇ ಜಾರಿಗೆ ಬರುವುದು. ಮುಂಚೆ ಇದು ಇನ್ನೂ ಕಷ್ಟವಿತ್ತು. 2016ರ ಏಪ್ರಿಲ್ ಪ್ರೈಮರಿಗೆ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಪಕ್ಷ ಬದಲಾಯಿಸಿರಬೇಕಿತ್ತು, ಆ ಗಡುವು ತಪ್ಪಿ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ತಮ್ಮ ಅಪ್ಪನಿಗೇ ಓಟು ಹಾಕಲು ಆಗಲಿಲ್ಲ. ಮಾವ ಇದನ್ನು ಕೇಳಿ ಎರಡೆರಡು ಸಲ "ನಿಜವಾಗ್ಲೂ?" ಅಂದರು.

ಆ ರಾತ್ರಿ ಏನೂ ಮಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರೇ ಶುರು ಮಾಡಿದರು. ಬಿ ಫಾರಂ ಯಾರಿಗೆ ಅಂತ ಕೇಳುವ ಹಕ್ಕು ಊರಲ್ಲಿ ಯಾವತ್ತೂ ಇರಲಿಲ್ಲ, ಇಲ್ಲಿ ಸಿಕ್ಕಿದ್ದನ್ನು ಬಿಟ್ಟರೆ ಹೇಗೆ ಅನ್ನುವುದು ಅವರ ಲೆಕ್ಕ. ಪೈಪೋಟಿ ಎಲ್ಲಿದೆಯೋ ಅಲ್ಲಿಗೆ ಬರೆಸು ಅಂದರು. ಡಿಎಂವಿಯ (ನಮ್ಮ ಆರ್‌ಟಿಒ ಇದ್ದ ಹಾಗೆ) ಗುರುತಿನ ಚೀಟಿ ಇದ್ದಿದ್ದರಿಂದ ಆನ್‌ಲೈನ್‌ನಲ್ಲೇ ಡೆಮಾಕ್ರಟಿಕ್ ಅಂತ ಬದಲಾಯಿಸಿದೆವು. ಆಮೇಲೆ ಮತ್ತೆ ನೋಡಿದಾಗ ಬ್ಲ್ಯಾಂಕ್ ಹೋಗಿತ್ತು.

ಇದಾದ ಮೇಲೆ ನಮ್ಮ ಪರಿಚಯದವರಲ್ಲಿ ಬಹಳ ಜನ ಅವರವರದ್ದು ನೋಡಿಕೊಡಿ ಅಂತ ಕೇಳಿದರು. ಅದರಲ್ಲಿ ಒಬ್ಬಳು ಗ್ರೀನ್ ಕಾರ್ಡ್‌ನಲ್ಲಿರುವ ಗೆಳತಿ. ಮಕ್ಕಳು ಇಲ್ಲಿನ ಸರ್ಕಾರಿ ಶಾಲೆ, ತೆರಿಗೆ ಎಲ್ಲಾ ಇಲ್ಲೇ. ಸಿಟಿಜನ್ ಅಲ್ಲದವರೂ ನಗರದ ಚುನಾವಣೆಗಳಲ್ಲಿ ಓಟು ಹಾಕಬಹುದು ಅಂತ ಕೌನ್ಸಿಲ್ 2021ರ ಡಿಸೆಂಬರ್‌ನಲ್ಲಿ ಕಾನೂನು ಪಾಸ್ ಮಾಡಿತ್ತು. ಗ್ರೀನ್ ಕಾರ್ಡ್ ಇರುವವರು, ಕೆಲಸದ ಪರವಾನಗಿ ಇರುವವರು ಸೇರಿ ಸುಮಾರು 8 ಲಕ್ಷ ಜನಕ್ಕೆ ಅನ್ವಯ ಆಗುತ್ತಿತ್ತು. ನಮ್ಮ ಎಚ್1ಬಿ ಹುಡುಗರೂ ಅದರೊಳಗೆ ಬರುತ್ತಿದ್ದರು. ಅದು ಕೋರ್ಟಿನಲ್ಲೇ ಉಳಿಯಿತು, ಒಂದು ಚುನಾವಣೆಯಲ್ಲೂ ಜಾರಿಗೆ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟ್ ಅದನ್ನು ತಳ್ಳಿಹಾಕಿತು. ಗೆಳತಿಗೆ ಬಹಳ ಬೇಜಾರಾಯಿತು, ನನಗೂ. ಇದರ ಜೊತೆ ಒಂದು ಮಾತು ಹೇಳಲೇಬೇಕು. ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವ ಫಾರಂನಲ್ಲೇ ವೋಟರ್ ಆಗಿ ಸೇರುತ್ತೀರಾ ಅನ್ನುವ ಪ್ರಶ್ನೆ ಇರುತ್ತದೆ. ಸಿಟಿಜನ್ ಆಗದವರು ಅಲ್ಲಿ ಅವಸರದಲ್ಲಿ ಹೌದು ಅಂತ ಗುರುತು ಹಾಕಿಬಿಟ್ಟರೆ ಮುಂದೆ ಸಿಟಿಜನ್‌ಶಿಪ್ ಅರ್ಜಿಗೇ ಕುತ್ತು ಬರಬಹುದು, ದೇಶ ಬಿಟ್ಟು ಹೋಗಬೇಕಾದ ಪರಿಸ್ಥಿತಿಯೂ ಬರಬಹುದು. ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಓಟು ಹಾಕಲು ನಾವು ಜೂನ್ 24ರವರೆಗೆ ಕಾಯಲಿಲ್ಲ, ಮುಂಚಿತ ಮತದಾನದ ದಿನಗಳಲ್ಲೇ ಹೋದೆವು. ಒಳ್ಳೆಯದೇ ಆಯಿತು, 24ರಂದು ಸುಡುವ ಬಿಸಿಲು. ಮತಗಟ್ಟೆ ಒಂದು ಶಾಲೆಯ ಜಿಮ್‌ನಲ್ಲಿತ್ತು. ಗೋಡೆಯ ಮೇಲೆ ಇಂಗ್ಲಿಷ್ ಜೊತೆ ಸ್ಪ್ಯಾನಿಷ್, ಚೀನಿ, ಕೊರಿಯನ್, ಬಂಗಾಳಿ ಬೋರ್ಡುಗಳು. ಮಾವ ಎಲ್ಲವನ್ನೂ ಎಲೆಕ್ಷನ್ ಡ್ಯೂಟಿಯವರ ಕಣ್ಣಲ್ಲಿ ನೋಡುತ್ತಿದ್ದರು. ಗುರುತಿನ ಚೀಟಿ ಕೇಳಲಿಲ್ಲ, ಟ್ಯಾಬ್ಲೆಟ್ ಮೇಲೆ ಸಹಿ ಹಾಕಿಸಿಕೊಂಡರು ಅಷ್ಟೇ. ಬೆರಳಿಗೆ ಶಾಯಿ ಇಲ್ಲ. ಮೈಸೂರಿನ ಕಾರ್ಖಾನೆಯ ಆ ಶಾಯಿಯನ್ನು ವರ್ಷಗಟ್ಟಲೆ ಬೇರೆಯವರ ಬೆರಳಿಗೆ ಹಚ್ಚಿಸಿದ ಮನುಷ್ಯನಿಗೆ ಇದು ಒಪ್ಪಿಗೆಯಾಗಲಿಲ್ಲ, "ಮತ್ತೆ ಬಂದು ಹಾಕಿದರೆ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಟ್ಯಾಬ್ಲೆಟ್‌ನಲ್ಲಿ ದಾಖಲಾಗಿರುತ್ತದೆ ಅಂದೆ.

ನಗರದ ಪ್ರೈಮರಿಯಲ್ಲಿ 2021ರಿಂದ ಒಬ್ಬರಿಗೆ ಮಾತ್ರ ಅಂತಿಲ್ಲ, ಇಷ್ಟದ ಪ್ರಕಾರ ಒಂದರಿಂದ ಐದರವರೆಗೆ ಅಭ್ಯರ್ಥಿಗಳನ್ನು ಗುರುತಿಸಬಹುದು. ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಓಟುಗಳನ್ನು ಆ ಮತದಾರರ ಮುಂದಿನ ಆಯ್ಕೆಗೆ ಸೇರಿಸುತ್ತಾ ಹೋಗುತ್ತಾರೆ. 2021ರ ಮೇಯರ್ ಪ್ರೈಮರಿ ಹೀಗೆ ಕೊನೆಯ ಸುತ್ತಿನಲ್ಲಿ 7,197 ಓಟುಗಳ ಅಂತರದಲ್ಲಿ ತೀರ್ಮಾನವಾಯಿತು. ಈ ಸಲ ಮೇಯರ್ ಸ್ಥಾನಕ್ಕೇ 11 ಹೆಸರು. ಮಾವ ಮನೆಯಲ್ಲೇ ಎಲ್ಲರ ಬಗ್ಗೆ ಓದಿ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರು. ನಾನು ಹಾಕಿ ಬಂದ ಮೇಲೂ ಅವರು ಇನ್ನೂ ಗುರುತು ಹಾಕುವ ಮೇಜಿನ ಹತ್ತಿರ ನಿಂತು, ಕನ್ನಡಕ ಸರಿ ಮಾಡಿಕೊಂಡು, ಬ್ಯಾಲೆಟ್‌ನ ಒಂದೊಂದು ಅಂಡಾಕಾರವನ್ನೂ ಅಂಚು ದಾಟದ ಹಾಗೆ ತುಂಬುತ್ತಿದ್ದರು. ಆ ಚೀಟಿಯಲ್ಲಿ ಯಾವ ಐದು ಹೆಸರಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಯೂ ಇಲ್ಲ.

ನಾವು ಹೊರಡುವಾಗ ಪಕ್ಕದ ಟೇಬಲ್‌ನಲ್ಲಿ ಒಬ್ಬರು ವಾದಿಸುತ್ತಿದ್ದರು, ನಮ್ಮ ದೇಶದ ಕಡೆಯವರೇ, ಮಾವನಿಗಿಂತ ಸ್ವಲ್ಪ ಚಿಕ್ಕವರಿರಬೇಕು. ಪಟ್ಟಿಯಲ್ಲಿ ಹೆಸರಿದೆ, ಪಕ್ಷ ಬ್ಲ್ಯಾಂಕ್. ಪ್ರೈಮರಿಯ ಬ್ಯಾಲೆಟ್ ಕೊಡಲು ಬರುವುದಿಲ್ಲ ಅಂತ ಟೇಬಲ್‌ನಲ್ಲಿ ಕೂತಿದ್ದ ಮತಗಟ್ಟೆಯ ಹೆಂಗಸು ತಾಳ್ಮೆಯಿಂದಲೇ ಹೇಳುತ್ತಿದ್ದರು. "ಐ ಆ್ಯಮ್ ಎ ಸಿಟಿಜನ್" ಅಂತ ಆ ಮನುಷ್ಯ ಅಂದಿದ್ದು ನನಗೆ ತುಂಬಾ ನೋವು ಕೊಟ್ಟಿತು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಾವ ಅವರನ್ನು ಬಾಗಿಲ ಹತ್ತಿರ ನಿಲ್ಲಿಸಿ, ತಮಗೆ ಬರುವ ಹಿಂದಿಯಲ್ಲಿ ಫೆಬ್ರವರಿ ಗಡುವಿನ ವಿಷಯ ಹೇಳಿ, ನವೆಂಬರ್ ಓಟಿಗೆ ಈ ತೊಂದರೆ ಇಲ್ಲ ಅಂತಲೂ ಹೇಳಿ ಬಂದರು.

ಅದರ ಮುಂದಿನ ಪ್ರೈಮರಿ 2026ರ ಜೂನ್ 23ಕ್ಕೆ. ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಹೋದಾಗ ಕೆಳಗೆ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತಾ ಮಾವ ಪರಿಚಯದವರನ್ನೆಲ್ಲ ವಿಚಾರಿಸುತ್ತಿದ್ದಾರೆ, ಹೆಸರು ಪಟ್ಟಿಯಲ್ಲಿ ಯಾವ ಥರ ಇದೆ, ಪಕ್ಷದ ಕಡೆ ಏನಿದೆ, ಮನೆ ಬದಲಾಯಿಸಿದ್ದರೆ ವಿಳಾಸ ಬದಲಾಯಿಸಿದಿರಾ ಅಂತ. ಬೆಲ್‌ರೋಸ್‌ನ ಒಬ್ಬ ಅಜ್ಜಿಯದ್ದು ಇನ್ನೂ ಹಳೆ ಅಪಾರ್ಟ್‌ಮೆಂಟ್ ವಿಳಾಸದಲ್ಲೇ ಇದೆಯಂತೆ. ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇವೆ, ಸರ್ಟಿಫಿಕೇಟ್ ಹುಡುಕಿ ಇಟ್ಟಿರಿ ಅಂತ ಫೋನ್ ಮಾಡಿ ಹೇಳಿದ್ದೇನೆ.